ಸುಟ್ಟ ನಾಡು ಮತ್ತೆ ಕಟ್ಟಿದ ಬಗೆ: ರುವಾಂಡ ದೇಶದ ಕಥೆ

ಆಫ್ರಿಕಾ ಖಂಡದ ನಟ್ಟನಡುವೆ ರುವಾಂಡ ಎಂಬ ಸಣ್ಣ ದೇಶ ಅದ. ನಮ್ಮ ಸೊಲ್ಲಾಪುರ ಜಿಲ್ಲಾ ಮತ್ತು ವಿಜಾಪುರ ಜಿಲ್ಲಾ ಎರಡೂ ಕೂಡಿಸಿದರ ಎಷ್ಟು ಆಗತದೋ ಹೆಚ್ಚುಕಡಿಮಿ ಅಷ್ಟೇ ಅದರ ವಿಸ್ತಾರ, 26 ಸಾವಿರ ಚದರ ಕಿಲೋಮೀಟರ್. ಸಮುದ್ರದ ದಂಡಿ ಇಲ್ಲ. ಎಲ್ಲಿ ನೋಡಿದರೂ ಗುಡ್ಡ. ಸಾವಿರ ಗುಡ್ಡಗಳ ನಾಡು ಅಂತ ಅದಕ್ಕ ಹೆಸರೇ ಬಿದ್ದದ. ಗುಡ್ಡದ ಇಳಿಜಾರಿನ ಮ್ಯಾಲೆ ಬಾಳಿ, ಕಾಳು, ಗೆಣಸು, ಕಾಫಿ, ಚಹಾ ಬೆಳೀತಾರ. ಹತ್ತರಾಗ ಒಂಬತ್ತು ಮಂದಿ ಒಕ್ಕಲುತನದ ಮ್ಯಾಲೆ ಬದುಕುತ್ತಿದ್ದ ದೇಶ ಅದು. 1994ನೇ ಇಸವಿಯೊಳಗ ಆ ದೇಶ ತನ್ನ ಕೈಯಾರೆ ತನ್ನ ಮನಿಗೆ ಬೆಂಕಿ ಹಚ್ಚಿಕೊಂಡಿತು. ಆಮ್ಯಾಲೆ ತನ್ನ ಕೈಯಾರೆ ಮತ್ತ ಕಟ್ಟಿಕೊಂಡಿತು. ಹೆಂಗ ಸುಟ್ಟಿತು, ಹೆಂಗ ಕಟ್ಟಿದರು, ಏನು ಕಟ್ಟಲಿಕ್ಕೆ ಇನ್ನೂ ಆಗಿಲ್ಲ, ಇಷ್ಟನ್ನು ಈ ಲೇಖನದಾಗ ಹೇಳತೇನಿ.

ಒಂದೇ ದೇಶದ ಮಂದಿ ತಮ್ಮ ತಮ್ಮೊಳಗ ಹೊಡೆದಾಡುವುದಕ್ಕ ಅಂತರ್ಯುದ್ಧ ಅಂತಾರ. ಹೊರಗಿನ ಸೈನ್ಯ ಬಂದು ಊರು ಸುಟ್ಟರ ಯುದ್ಧ ಮುಗಿದ ಮ್ಯಾಲೆ ಅವರು ತಮ್ಮ ದೇಶಕ್ಕ ಹೋಗಿಬಿಡತಾರ. ಅಂತರ್ಯುದ್ಧದಾಗ ಹಂಗಲ್ಲ. ಸುಟ್ಟವನ ಮನಿಯೂ ಅದೇ ಊರಾಗ, ಸುಟ್ಟುಕೊಂಡವನ ಮನಿಯೂ ಅದೇ ಊರಾಗ. ಮರುದಿನ ಇಬ್ಬರೂ ಒಂದೇ ಬಾವಿಗೆ ನೀರಿಗೆ ಬರಬೇಕು, ಇಬ್ಬರ ಹೊಲಕ್ಕೂ ಒಂದೇ ಬದು ಇರತದ. ರಸ್ತೆ, ಸಾಲಿ, ದವಾಖಾನಿ ಕಟ್ಟುವುದಕ್ಕಿಂತ ಇದು ಕಠಿಣ.

ಬೆಂಕಿ ಹತ್ತಿದ ಬಗೆ

ರುವಾಂಡದಾಗ ಹುಟು, ಟುಟ್ಸಿ, ಟ್ವಾ ಎಂಬ ಮೂರು ಪಂಗಡ. ಹುಟು ಮಂದಿ ಬಹಳ, ಟುಟ್ಸಿ ಕಡಿಮಿ, ಟ್ವಾ ಬೆರಳೆಣಿಕೆಯಷ್ಟು. ನಾವು ಗಡಿನಾಡಿನವರು ಭಾಷೆ ಬ್ಯಾರೆ ಆದರ ಜಗಳ ಬರತದ ಅಂತ ತಿಳಿಯುತ್ತೇವೆ. ಅಲ್ಲಿ ಈ ಮೂವರ ಭಾಷೆಯೂ ಒಂದೇ, ಕಿನ್ಯಾರುವಾಂಡ. ದೇವರೂ ಒಬ್ಬನೇ, ಚರ್ಚೂ ಒಂದೇ. ಒಂದೇ ಗುಡ್ಡದ ಮ್ಯಾಲೆ ಅಕ್ಕಪಕ್ಕ ಮನಿ. ಬೀಗತನವೂ ಇತ್ತು. ಹಿಂದಕ್ಕ ದನ ಬಹಳ ಇದ್ದವರು ಟುಟ್ಸಿ, ಹೊಲ ಮಾಡುವವರು ಹುಟು ಎಂದು ಸಾಧಾರಣವಾಗಿ ಹೇಳುತ್ತಿದ್ದರು. ರಾಜ ಟುಟ್ಸಿ ಮನೆತನದವ.

19ನೇ ಶತಮಾನದ ಕಡೆಗೆ ಜರ್ಮನಿಯವರು ಬಂದರು. ಮೊದಲನೇ ಮಹಾಯುದ್ಧದಾಗ ಬೆಲ್ಜಿಯಂನವರು ಅದನ್ನ ಹಿಡಿದರು. ಬೆಲ್ಜಿಯಂ ಸರ್ಕಾರ 1930ರ ದಶಕದಾಗ ಪ್ರತಿಯೊಬ್ಬರ ಕೈಗೆ ಒಂದು ಗುರುತಿನ ಚೀಟಿ ಕೊಟ್ಟಿತು. ಅದರ ಮ್ಯಾಲೆ ಹುಟು, ಟುಟ್ಸಿ, ಟ್ವಾ ಅಂತ ಬರೆಸಿತು. ಮೊದಲು ದನ ಕೂಡಿಸಿದವ, ಅಧಿಕಾರ ಸಿಕ್ಕವ ಒಂದು ಪಂಗಡದಿಂದ ಇನ್ನೊಂದಕ್ಕ ಸರಿಯುವ ದಾರಿ ಸ್ವಲ್ಪ ಇತ್ತು. ಚೀಟಿ ಬಂದ ಮ್ಯಾಲೆ ಆ ದಾರಿ ಮುಚ್ಚಿತು. ಸಾಲಿ, ನೌಕರಿ, ಅಧಿಕಾರ ಎಲ್ಲಾ ಟುಟ್ಸಿಗಳಿಗೆ ಕೊಟ್ಟು, ಹುಟುಗಳ ಕಡಿಂದ ಬಿಟ್ಟಿ ದುಡಿಸಿಕೊಂಡರು. ಹೊಟ್ಟಿಯೊಳಗಿನ ಸಿಟ್ಟು ಹಂಗ ಬೆಳೀತು.

1959ರಾಗ ಹುಟುಗಳು ದಂಗೆ ಎದ್ದರು. ಸಾವಿರಾರು ಟುಟ್ಸಿಗಳು ಉಗಾಂಡ, ಬುರುಂಡಿ, ಕಾಂಗೊ, ತಾಂಜಾನಿಯ ದೇಶಗಳಿಗೆ ಓಡಿಹೋದರು. 1962ರ ಜುಲೈ 1ಕ್ಕೆ ಸ್ವಾತಂತ್ರ್ಯ ಬಂದಾಗ ಅಧಿಕಾರ ಹುಟುಗಳ ಕೈಗೆ ಬಂತು. ಆದರ ಗುರುತಿನ ಚೀಟಿ ಹೋಗಲಿಲ್ಲ. ಹೊಸ ಸರ್ಕಾರವೂ ಅದನ್ನ ಇಟ್ಟುಕೊಂಡಿತು, ಈ ಸಲ ಉಲ್ಟಾ ಲೆಕ್ಕಕ್ಕ. ಓಡಿಹೋದವರ ಮಕ್ಕಳು ಉಗಾಂಡದ ನಿರಾಶ್ರಿತರ ಶಿಬಿರದಾಗ ಬೆಳೆದರು, ಬಂದೂಕು ಕಲಿತರು. ರುವಾಂಡ ದೇಶಭಕ್ತರ ರಂಗ ಎಂಬ ಸೈನ್ಯ ಕಟ್ಟಿಕೊಂಡು 1990ರ ಅಕ್ಟೋಬರ್ 1ಕ್ಕೆ ಗಡಿ ದಾಟಿ ಒಳಗ ಬಂದರು. ಅಂತರ್ಯುದ್ಧ ಸುರು ಆತು.

ಅದರ ಹಿಂದಿನ ವರ್ಷವೇ ಇನ್ನೊಂದು ಪೆಟ್ಟು ಬಿದ್ದಿತ್ತು. ಕಾಫಿ ದರ ಹಿಡಿದಿಡುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರಾಗ ಮುರಿದು ಬಿತ್ತು. ಕಾಫಿ ದರ ಅರ್ಧಕ್ಕ ಇಳೀತು. ದೇಶಕ್ಕ ಹೊರಗಿಂದ ಬರುವ ರೊಕ್ಕದಾಗ ದೊಡ್ಡ ಪಾಲು ಕಾಫಿಯದೇ. ರೈತನ ಕಿಸೆ ಬರಿದಾತು. ಅಪ್ಪನ ಹೊಲ ನಾಲ್ಕು ಮಕ್ಕಳಿಗೆ ಹಂಚಿ ಹಂಚಿ ತುಂಡಾಗಿ, ಕಾಲು ಚಾಚಿದರ ಇನ್ನೊಬ್ಬನ ಬದು ಅನ್ನುವಂಗ ಆಗಿತ್ತು. ಕೆಲಸ ಇಲ್ಲದ ಹುಡುಗರ ಕೈಗೆ ಪಕ್ಷದವರು ಆಯುಧ ಕೊಟ್ಟು ಪಡೆ ಕಟ್ಟಿದರು. ಹಸಿವು ಒಂದೇ ಕೊಲೆ ಮಾಡಿಸುವುದಿಲ್ಲ. ಆದರ ಹಸಿದ ಹುಡುಗನ ಕಿವಿಯಾಗ ನಿನ್ನ ಹಸಿವಿಗೆ ಬಾಜೂ ಮನಿಯವನೇ ಕಾರಣ ಅಂತ ದಿನಾ ಹೇಳುವವ ಸಿಕ್ಕರ ಏನಾಗತದ ಅನ್ನುವುದನ್ನ ರುವಾಂಡ ತೋರಿಸಿತು.

ನೂರು ದಿವಸ

1993ರ ಆಗಸ್ಟ್‌ದಾಗ ತಾಂಜಾನಿಯದ ಅರುಷಾ ಎಂಬ ಪಟ್ಟಣದಾಗ ರಾಜಿ ಒಪ್ಪಂದ ಆತು. ಎರಡೂ ಕಡೆಯವರು ಕೂಡಿ ಸರ್ಕಾರ ಮಾಡಬೇಕು ಅಂತ ಬರೆದುಕೊಂಡರು. ಅದು ಬೇಡಾದವರು ಅಧಿಕಾರದೊಳಗೇ ಇದ್ದರು. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಕೂತಿದ್ದ ವಿಮಾನವನ್ನು ರಾಜಧಾನಿ ಕಿಗಾಲಿಯ ಹತ್ತಿರ ಹೊಡೆದು ಕೆಡವಿದರು. ಬುರುಂಡಿಯ ಅಧ್ಯಕ್ಷನೂ ಅದರೊಳಗೇ ಸತ್ತ. ಮರುದಿನ ಮುಂಜಾನಿಂದಲೇ ಕೊಲೆ ಸುರು. ಪ್ರಧಾನಮಂತ್ರಿ ಅಗಾಥೆ ಉವಿಲಿಂಗಿಯಿಮಾನ ಹುಟು ಹೆಣ್ಣುಮಗಳು, ರಾಜಿ ಆಗಲಿ ಅನ್ನುವಾಕಿ. ಆಕಿಯನ್ನ ಮೊದಲ ದಿನವೇ ಕೊಂದರು. ಕಾವಲಿಗಿದ್ದ ಬೆಲ್ಜಿಯಂನ ಹತ್ತು ಸೈನಿಕರನ್ನೂ ಕೊಂದರು. ವಿಶ್ವಸಂಸ್ಥೆ ಅಲ್ಲಿದ್ದ ತನ್ನ ಪಡೆಯನ್ನು 270 ಮಂದಿಗೆ ಇಳಿಸಲಿಕ್ಕೆ ಠರಾವು ಮಾಡಿತು. ಜಗತ್ತು ನೋಡುತ್ತ ಕೂತಿತು.

ಸುಮಾರು ನೂರು ದಿವಸದೊಳಗ ಸತ್ತವರು 8 ಲಕ್ಷ ಎಂದು ವಿಶ್ವಸಂಸ್ಥೆ ಹೇಳತದ, 10 ಲಕ್ಷಕ್ಕೂ ಮ್ಯಾಲೆ ಎಂದು ರುವಾಂಡ ಸರ್ಕಾರ ಹೇಳತದ. ಆಗ ದೇಶದ ಒಟ್ಟು ಮಂದಿ 70 ಲಕ್ಷದ ಆಸುಪಾಸು. ಸತ್ತವರಾಗ ಬಹುಪಾಲು ಟುಟ್ಸಿಗಳು. ಕೊಲ್ಲಲಿಕ್ಕೆ ಒಪ್ಪದ ಹುಟುಗಳೂ ಸತ್ತರು. ರಸ್ತೆಗೆ ಅಡ್ಡಗಟ್ಟಿ ನಿಂತವರು ಚೀಟಿ ತೋರಿಸು ಅಂತಿದ್ದರು. ಅರವತ್ತು ವರ್ಷದ ಹಿಂದೆ ಕಚೇರಿಯೊಳಗ ಬರೆದ ಒಂದು ಶಬ್ದ ಅಲ್ಲಿ ಜೀವ ತೆಗೀತಿತ್ತು. ಆಸರಕ್ಕ ಚರ್ಚಿನೊಳಗ ಹೊಕ್ಕವರನ್ನ ಚರ್ಚಿನೊಳಗೇ ಕೊಂದರು. ಹೆಣ್ಣುಮಕ್ಕಳ ಮ್ಯಾಲೆ ಆದ ಅತ್ಯಾಚಾರಕ್ಕ ಲೆಕ್ಕ ಇಲ್ಲ.

ನಾವು ಒಕ್ಕಲಿಗರು ಗಮನಿಸಬೇಕಾದ ಮಾತು ಒಂದು ಅದ. ಬಹಳಷ್ಟು ಮಂದಿಯನ್ನ ಕೊಂದದ್ದು ಹೊಲದ ಕೆಲಸದ ಕೊಯ್ತಾದಿಂದ. ಕೊಲೆ ಅನ್ನುವ ಶಬ್ದವನ್ನ ಅವರು ಬಳಸುತ್ತಿರಲಿಲ್ಲ. ಅದಕ್ಕ ಕೆಲಸ ಅಂತಿದ್ದರು. ಇವತ್ತು ಕೆಲಸಕ್ಕ ಬರ್ರಿ, ಪೊದೆ ಸವರ್ರಿ, ಕಸ ಬೇರುಸಹಿತ ಕೀಳರ್ರಿ, ಹಿಂಗ ಮಾತು. ಟುಟ್ಸಿಗಳಿಗೆ ಜೊಂಡಿಗ, ಅಂದರ ಜಿರಳೆ ಅಂತ ಹೆಸರಿಟ್ಟಿದ್ದರು. ಒಕ್ಕಲುತನದ ಒಳ್ಳೆಯ ಶಬ್ದಗಳನ್ನೇ ತಂದು ಕೊಲೆಗೆ ಹಚ್ಚಿದರು. ದಿನಾ ಕಸ ಕೀಳುವ ಕೈಗೆ ಆ ಶಬ್ದ ಪರಿಚಯದ್ದು, ಅದಕ್ಕೇ ಕೈ ನಡುಗಲಿಲ್ಲ.

ಜುಲೈ 4ಕ್ಕೆ ದೇಶಭಕ್ತರ ರಂಗದ ಸೈನ್ಯ ಕಿಗಾಲಿ ಗೆದ್ದುಕೊಂಡಿತು. ಅದರ ಮುಖಂಡ ಪಾಲ್ ಕಗಾಮೆ. ಅದೇ ತಿಂಗಳು ನರಮೇಧ ನಿಂತಿತು.

ಉಳಿದದ್ದು ಏನು

ಗೆದ್ದವರ ಕೈಗೆ ಸಿಕ್ಕದ್ದು ಬರೀ ಗೋಡೆ. ಓಡಿಹೋಗುವ ಸರ್ಕಾರ ಬ್ಯಾಂಕಿನ ರೊಕ್ಕ ಬಳಿದುಕೊಂಡು ಹೋಗಿತ್ತು. ಒಂದೇ ವರ್ಷದಾಗ ದೇಶದ ಉತ್ಪನ್ನ ಅರ್ಧಕ್ಕರ್ಧ ಬಿತ್ತು. ದನ ಕಡಿದು ತಿಂದಿದ್ದರು. ಬಿತ್ತುವ ಹಂಗಾಮು ದಾಟಿಹೋಗಿತ್ತು. ಮಾಸ್ತರರು, ಡಾಕ್ಟರರು, ನ್ಯಾಯಾಧೀಶರು ಸತ್ತಿದ್ದರು, ಇಲ್ಲವೆ ಓಡಿದ್ದರು, ಇಲ್ಲವೆ ತಾವೇ ಕೊಲೆಯಾಗ ಭಾಗಿ ಆಗಿದ್ದರು. ಸುಮಾರು 20 ಲಕ್ಷ ಹುಟುಗಳು ಹೆದರಿ ನೆರೆ ದೇಶಗಳಿಗೆ ಹೋದರು. ಕಾಂಗೊದ ಗೋಮಾ ಪಟ್ಟಣದ ಹತ್ತಿರ ಕಾಲರಾ ಬಂದು ಶಿಬಿರಗಳಾಗ ಹತ್ತಾರು ಸಾವಿರ ಮಂದಿ ಸತ್ತರು. ಅದೇ ಹೊತ್ತಿಗೆ 1959ರಿಂದ ಹೊರಗಿದ್ದ ಟುಟ್ಸಿ ಕುಟುಂಬಗಳು ಲಕ್ಷಗಟ್ಟಲೆ ತಿರುಗಿ ಬಂದವು. ಒಬ್ಬರು ಬಿಟ್ಟು ಹೋದ ಮನಿಯಾಗ ಇನ್ನೊಬ್ಬರು ಒಲಿ ಹಚ್ಚಿದರು.

ಗೆದ್ದ ಸೈನ್ಯದ ಕೈಯೂ ಶುದ್ಧ ಇದ್ದಿಲ್ಲ. ಸೇಡಿನ ಕೊಲೆ ಆದವು. 1995ರ ಏಪ್ರಿಲ್‌ದಾಗ ಕಿಬೆಹೊ ಎಂಬಲ್ಲಿ ನಿರಾಶ್ರಿತರ ಶಿಬಿರದ ಮ್ಯಾಲೆ ಸೈನ್ಯ ಗುಂಡು ಹಾರಿಸಿತು. ಸತ್ತವರು 338 ಎಂದು ಸರ್ಕಾರ ಹೇಳಿತು, ಸಾವಿರಗಟ್ಟಲೆ ಎಂದು ಕಂಡವರು ಹೇಳಿದರು. ಮುಂದೆ ಕಾಂಗೊದ ಕಾಡಿನೊಳಗೂ ಹೊಸ ಸೈನ್ಯ ಬೆನ್ನಟ್ಟಿ ಹೋಗಿ ಬಹಳ ನಿರಾಶ್ರಿತರನ್ನ ಕೊಂದದ್ದನ್ನ ವಿಶ್ವಸಂಸ್ಥೆಯ ವರದಿ 2010ರಾಗ ಬರೆದದ. ಈ ಮಾತು ಮುಂದೆ ಮತ್ತ ಬರತದ, ನೆನಪಿನಾಗ ಇರಲಿ.

ಹುಲ್ಲಿನ ಮ್ಯಾಲಿನ ನ್ಯಾಯ

ಮೊದಲನೇ ಪ್ರಶ್ನೆ ನ್ಯಾಯದ್ದು. 1990ರ ದಶಕದ ಕಡೆಗೆ ಜೇಲಿನಾಗ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಮಂದಿ ತುಂಬಿದ್ದರು. ಗಿತಾರಮ ಎಂಬಲ್ಲಿ 400 ಮಂದಿಗೆ ಕಟ್ಟಿದ ಜೇಲಿನಾಗ 7,000 ಮಂದಿ ಇದ್ದರು. ಕೂಡ್ರಲಿಕ್ಕೆ ಜಾಗ ಇಲ್ಲದೆ ನಿಂತು ನಿಂತು ಕಾಲು ಕೊಳೆತು ಸತ್ತರು. ವಿಶ್ವಸಂಸ್ಥೆ ಅರುಷಾದಾಗ ಒಂದು ದೊಡ್ಡ ನ್ಯಾಯಾಲಯ ಮಾಡಿತು. ಅದು 2015ರ ತನಕ ನಡೆದು 93 ದೊಡ್ಡ ಮಂದಿಯ ಮ್ಯಾಲೆ ಆರೋಪ ಹೊರಿಸಿತು. ಅತ್ಯಾಚಾರವೂ ನರಮೇಧದ ಒಂದು ಆಯುಧ ಎಂದು ಮೊದಲು ತೀರ್ಪು ಕೊಟ್ಟದ್ದು ಅದೇ ನ್ಯಾಯಾಲಯ, 1998ರಾಗ. ದೇಶದೊಳಗಿನ ಕೋರ್ಟು ಅದೇ 1998ರಾಗ 22 ಅಪರಾಧಿಗಳನ್ನ ಮಂದಿ ಎದುರಿಗೇ ಗುಂಡಿಟ್ಟು ಕೊಲ್ಲಿಸಿತು. ಆದರ ಲಕ್ಷ ಮಂದಿಯನ್ನ ಕೋರ್ಟಿನಾಗ ವಿಚಾರಿಸುತ್ತ ಹೋದರ ನೂರು ವರ್ಷ ಬೇಕು ಅಂತ ಲೆಕ್ಕ ಆತು.

ಆಗ ಅವರು ಹಳೇ ಪದ್ಧತಿ ಒಂದನ್ನ ಹುಡುಕಿ ತೆಗೆದರು. ಅದರ ಹೆಸರು ಗಚಾಚಾ. ಹುಲ್ಲಿನ ಹೆಸರಿನಿಂದ ಬಂದ ಶಬ್ದ ಅದು. ನಮ್ಮ ಕಡೆ ಗುಡಿ ಕಟ್ಟಿಗೆ ಕೂತು ಪಂಚರು ನ್ಯಾಯ ಹೇಳಿದಂಗ, ಅಲ್ಲಿ ಊರ ಮುಂದಿನ ಹುಲ್ಲಿನ ಮ್ಯಾಲೆ ಹಿರಿಯರು ಕೂತು ಬದುವಿನ ಜಗಳ, ದನದ ಜಗಳ ಬಗೆಹರಿಸುತ್ತಿದ್ದರು. ಅದನ್ನೇ ಕಾಯ್ದೆ ಮಾಡಿದರು. 2001ರಾಗ ಊರವರೇ ಆರಿಸಿದ ಪಂಚರು ಎರಡೂವರೆ ಲಕ್ಷ. ಇವರಿಗೆ ಪಗಾರ ಇಲ್ಲ. 2002ರಾಗ ಕೆಲವು ಕಡೆ ನಡೆಸಿ ನೋಡಿ, 2005ರಿಂದ ದೇಶದ ತುಂಬ ನಡೆಸಿದರು. ಸುಮಾರು 12 ಸಾವಿರ ಕಟ್ಟಿ. ವಾರಕ್ಕ ಒಂದು ದಿನ ಊರೆಲ್ಲಾ ಕೂಡಬೇಕು. ವಕೀಲರು ಇಲ್ಲ. ತಪ್ಪು ಒಪ್ಪಿಕೊಂಡು, ಹೆಣ ಎಲ್ಲಿ ಹೂತೀನಿ ಅಂತ ತೋರಿಸಿದವನಿಗೆ ಶಿಕ್ಷೆ ಕಡಿಮಿ. ಉಳಿದ ಶಿಕ್ಷೆಗೆ ಬದಲು ಕಲ್ಲು ಒಡೆಯುವುದು, ರಸ್ತೆ ಮಾಡುವುದು, ಗುಡ್ಡಕ್ಕ ಮೆಟ್ಟಿಲು ಬದು ಹಾಕುವುದು. 2012ರ ಜೂನ್‌ದಾಗ ಗಚಾಚಾ ಮುಚ್ಚುವಾಗ 19 ಲಕ್ಷಕ್ಕೂ ಮಿಕ್ಕಿ ಖಟ್ಲೆ ಮುಗಿದಿದ್ದವು. ಅದರಾಗ 13 ಲಕ್ಷದಷ್ಟು ಆಸ್ತಿ ಲೂಟಿಯವು, ದನ ಒಯ್ದದ್ದು, ಮನಿಯ ಹಂಚು ಇಳಿಸಿದ್ದು, ಇಂಥವು.

ಇದರಾಗ ದೋಷ ಬಹಳ ಇದ್ದವು. ಸುಳ್ಳು ಸಾಕ್ಷಿ ಹೇಳಿದವರಿದ್ದರು, ಹಳೇ ದ್ವೇಷ ತೀರಿಸಿಕೊಂಡವರಿದ್ದರು. ಸಾಕ್ಷಿ ಹೇಳಿದ ವಿಧವೆಯರನ್ನ ರಾತ್ರಿ ಬಂದು ಕೊಂದದ್ದೂ ಉಂಟು. ಗೆದ್ದ ಸೈನ್ಯ ಮಾಡಿದ ಕೊಲೆಗಳನ್ನ ಗಚಾಚಾ ಕಟ್ಟಿಗೆ ತರಲಿಕ್ಕೆ ಅನುಮತಿ ಇದ್ದಿಲ್ಲ. ಆದರೂ ಒಂದು ಕೆಲಸ ಆತು. ನನ್ನ ಮಗನ ಹೆಣ ಎಲ್ಲಿ ಅದ ಅಂತ ಹತ್ತು ವರ್ಷ ಹುಡುಕುತ್ತಿದ್ದ ತಾಯಂದಿರಿಗೆ ಎಲುಬು ಸಿಕ್ಕವು. ಮಣ್ಣು ಕೊಟ್ಟರು. ಕೋರ್ಟಿನಾಗ ಕುಂತ ನ್ಯಾಯಾಧೀಶ ಇದನ್ನ ಮಾಡಲಿಕ್ಕೆ ಆಗುತ್ತಿರಲಿಲ್ಲ.

ಹೊಲ ಮತ್ತು ಉತಾರಿ

ಎರಡನೇ ಪ್ರಶ್ನೆ ಭೂಮಿಯದು. 1959ರಾಗ ಹೋದವ ಬಂದು ಇದು ನಮ್ಮಪ್ಪನ ಹೊಲ ಅಂತಾನ. ಮೂವತ್ತು ವರ್ಷದಿಂದ ಬಿತ್ತಿದವ ಇದು ನನ್ನದು ಅಂತಾನ. ಇಬ್ಬರದೂ ಖರೇನೇ. ಹತ್ತು ವರ್ಷಕ್ಕಿಂತ ಹಿಂದೆ ಬಿಟ್ಟು ಹೋದವರು ಇನ್ನೊಬ್ಬರು ಉಳುವ ಹೊಲ ಕೇಳಬಾರದು ಅಂತ ಅರುಷಾ ಒಪ್ಪಂದದಾಗ ಬರೆದಿದ್ದರು. ಆದರ ಬಂದವರಿಗೆ ಹೊಟ್ಟಿ ಅದಲ್ಲ. ದೇಶದ ಮೂಡಲ ಭಾಗದಾಗ ಹೊಲವನ್ನ ಅರ್ಧರ್ಧ ಹಂಚಿಕೊಳ್ಳಿರಿ ಅಂತ ಸರ್ಕಾರ ಹಂಚಿಸಿತು. ಕೆಲವರು ಮನಸಾರೆ ಕೊಟ್ಟರು, ಬಹಳ ಮಂದಿ ಹೆದರಿ ಕೊಟ್ಟರು.

1999ರಾಗ ಹೊಸ ಕಾಯ್ದೆ ಬಂತು. ಅಪ್ಪನ ಆಸ್ತಿಯಾಗ ಮಗಳಿಗೂ ಮಗನಷ್ಟೇ ಪಾಲು. ಯುದ್ಧದಾಗ ಗಂಡಸರು ಸತ್ತು, ಉಳಿದವರು ಜೇಲಿಗೆ ಹೋಗಿ, ಹೊಲ ಉಳುವವರು ಹೆಣ್ಣುಮಕ್ಕಳೇ ಆಗಿದ್ದರು. ಹಳೇ ಪದ್ಧತಿ ಪ್ರಕಾರ ಗಂಡ ಸತ್ತಾಕಿಗೆ ಹೊಲದ ಮ್ಯಾಲೆ ಹಕ್ಕಿಲ್ಲ. ಅಂದ ಮ್ಯಾಲೆ ದೇಶಕ್ಕ ಅನ್ನ ಹಾಕುವವರು ಯಾರು? ಆ ಕಾಯ್ದೆ ದಯದಿಂದ ಬಂದದ್ದಲ್ಲ, ಗರಜಿನಿಂದ ಬಂತು. 2009ರಿಂದ 2013ರ ತನಕ ಊರೂರಿಗೆ ಹೋಗಿ ಭೂಮಿ ಅಳೆದು, ನಮ್ಮಲ್ಲಿ ಸಾತಬಾರಾ ಉತಾರಿ ಇದ್ದಂಗ ಪ್ರತಿ ತುಂಡಿಗೂ ಕಾಗದ ಮಾಡಿದರು. ಒಂದು ಕೋಟಿಗೂ ಹೆಚ್ಚು ತುಂಡು ಹೊಲ ದಾಖಲಾದವು. ಕಾಯ್ದೆ ಪ್ರಕಾರ ಮದುವೆಯಾದ ಗಂಡ ಹೆಂಡತಿ ಇಬ್ಬರ ಹೆಸರೂ ಕಾಗದದ ಮ್ಯಾಲೆ ಬಂದವು.

2003ರ ಸಂವಿಧಾನದಾಗ ಎಲ್ಲಾ ಆಡಳಿತ ಸಭೆಗಳಾಗ ನೂರಕ್ಕ 30 ಜಾಗ ಹೆಣ್ಣುಮಕ್ಕಳಿಗೆ ಎಂದು ಬರೆದರು. 2008ರ ಚುನಾವಣಿಯಾಗ ನೂರಕ್ಕ 56 ಸ್ಥಾನ ಅವರಿಗೇ ಬಂದವು. ಜಗತ್ತಿನಾಗ ಹೆಂಗಸರೇ ಹೆಚ್ಚು ಇರುವ ಮೊದಲನೇ ಲೋಕಸಭೆ ಅದು. ಗುರುತಿನ ಚೀಟಿಯ ಮ್ಯಾಲಿನ ಹುಟು, ಟುಟ್ಸಿ ಶಬ್ದವನ್ನ ಅದಕ್ಕೂ ಮೊದಲೇ ಅಳಿಸಿ ಹಾಕಿದ್ದರು.

ಆಕಳು ಮತ್ತು ಕೆಲಸ

2006ರಾಗ ಗಿರಿಂಕ ಎಂಬ ಯೋಜನೆ ಬಂತು. ಆಕಳು ಇರಲಿ ನಿನಗೆ ಎಂಬ ಹರಕೆ ಆ ಶಬ್ದದಾಗ ಅದ. ಬಡ ಕುಟುಂಬಕ್ಕ ಸರ್ಕಾರ ಒಂದು ಆಕಳು ಕೊಡತದ. ಅದು ಹಾಕಿದ ಮೊದಲನೇ ಹೆಣ್ಣುಗರುವನ್ನ ಅವರು ನೆರೆಯ ಇನ್ನೊಬ್ಬ ಬಡವನಿಗೆ ಕೊಡಬೇಕು. ಅವನ ಆಕಳ ಮೊದಲನೇ ಕರು ಮತ್ತೊಬ್ಬನಿಗೆ. ಹಾಲು ಮನಿಗೆ, ಸಗಣಿ ಹೊಲಕ್ಕ, ಕರು ನೆರೆಯವನಿಗೆ. ಆ ನಾಡಿನಾಗ ಆಕಳು ಕೊಟ್ಟು ತಗೊಂಡವರು ಒಬ್ಬರಿಗೊಬ್ಬರು ಎರಡು ಬಗೆಯುವುದಿಲ್ಲ ಅನ್ನುವುದು ಹಳೇ ನಂಬಿಕೆ. ಕೊಂದವನ ಮನಿಯಿಂದ ಉಳಿದವನ ಮನಿಗೆ, ಉಳಿದವನ ಮನಿಯಿಂದ ಕೊಂದವನ ಮನಿಗೆ ಕರು ಹೋದದ್ದೂ ಉಂಟು. ಈ ತನಕ 4 ಲಕ್ಷಕ್ಕೂ ಹೆಚ್ಚು ಕುಟುಂಬಕ್ಕ ಆಕಳು ಮುಟ್ಟ್ಯಾವ. ನಮ್ಮ ದೇಶದ ಪಾಲೂ ಸ್ವಲ್ಪ ಅದರಾಗ ಅದ. 2018ರ ಜುಲೈದಾಗ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅಲ್ಲಿಗೆ ಹೋದಾಗ ರುವೇರು ಎಂಬ ಹಳ್ಳಿಯಾಗ ಇದೇ ಯೋಜನೆಗೆ 200 ಆಕಳು ಕೊಟ್ಟರು.

ಇನ್ನೊಂದು ಉಮುಗಾಂಡ. ತಿಂಗಳ ಕಡೇ ಶನಿವಾರ ಮುಂಜಾನೆ 18 ವರ್ಷದಿಂದ 65 ವರ್ಷದವರು ಎಲ್ಲರೂ ಊರ ಕೆಲಸಕ್ಕ ಬರಬೇಕು. ಗಟಾರ ತೆಗೆಯುವುದು, ಸಾಲಿ ಕೋಣಿ ಕಟ್ಟುವುದು, ಗಿಡ ಹಚ್ಚುವುದು. ಅಧ್ಯಕ್ಷನೂ ಸನಿಕಿ ಹಿಡೀತಾನ. ನಮ್ಮ ಮುಯ್ಯಾಳಿನ ಪದ್ಧತಿ ಇದಕ್ಕ ಸಮೀಪ, ಆದರ ನಮ್ಮಲ್ಲಿ ಬಾರದವನಿಗೆ ದಂಡ ಇಲ್ಲ, ಅಲ್ಲಿ ಅದ. ಮುಖ್ಯ ಮಾತು ಏನಂದರ, ಉಮುಗಾಂಡ ಹಳೇ ಸರ್ಕಾರದಾಗೂ ಇತ್ತು. ನರಮೇಧದಾಗ ಮಂದಿಯನ್ನ ಕೆಲಸಕ್ಕ ಕರೆದದ್ದೂ ಆ ರೂಢಿಯ ಮ್ಯಾಲೇ. ಅದೇ ಶಬ್ದವನ್ನ ತೊಳೆದು ಮತ್ತ ರಸ್ತೆಗೆ, ಸಾಲಿಗೆ ತಂದು ಹಚ್ಚಿದರು. ಕೆಟ್ಟ ಶಬ್ದವನ್ನ ಬರೀ ಬಾಯಿಂದ ಶುದ್ಧ ಮಾಡಲಿಕ್ಕೆ ಬರುವುದಿಲ್ಲ, ಒಳ್ಳೇ ಕೆಲಸಕ್ಕ ಹಚ್ಚಿದಾಗಲೇ ಅದು ಶುದ್ಧ ಆಗತದ.

ಕಾಫಿಯ ಕಥೆಯೂ ಕೇಳಬೇಕು. ಮೊದಲು ರುವಾಂಡದ ಕಾಫಿ ಅಂದರ ಅಗ್ಗದ ಮಾಲು. ರೈತರು ಮನಿಯಾಗೇ ಹಣ್ಣು ತಿಕ್ಕಿ ಒಣಗಿಸಿ ದಲಾಲಿಗೆ ಹಾಕುತ್ತಿದ್ದರು. ದೇಶದ ತೆಂಕಣ ಭಾಗದ ಮರಬಾ ಎಂಬಲ್ಲಿ ರೈತರು 1999ರಾಗ ಒಂದು ಸಹಕಾರಿ ಸಂಘ ಕಟ್ಟಿದರು. ಅಬಾಹುಜಮುಗಾಂಬಿ ಅಂತ ಅದರ ಹೆಸರು, ಒಂದೇ ಗುರಿಗೆ ಕೂಡಿ ದುಡಿಯುವವರು ಅಂತ ಅರ್ಥ. 2001ರಾಗ ಹಣ್ಣು ತೊಳೆಯುವ ಕೇಂದ್ರ ಮಾಡಿಕೊಂಡರು. ಕಳಿತ ಹಣ್ಣು ಆರಿಸಿ, ಅದೇ ದಿನ ತೊಳೆದು, ನೆರಳು ಬಿಸಿಲು ನೋಡಿ ಒಣಗಿಸಿದರ ಅದೇ ಕಾಫಿಗೆ ಇಂಗ್ಲೆಂಡು, ಅಮೇರಿಕದಾಗ ಹೆಚ್ಚಿನ ದರ ಸಿಕ್ಕಿತು. ಗಂಡನ್ನ ಕಳಕೊಂಡ ವಿಧವೆ, ಗಂಡ ಜೇಲಿನಾಗ ಇದ್ದ ಹೆಣ್ಣುಮಗಳು, ಇಬ್ಬರೂ ಒಂದೇ ಜಂತಿ ಮುಂದ ನಿಂತು ಕಾಳು ಆರಿಸಿದರು. ಮೊದಲು ಮಾತಿದ್ದಿಲ್ಲ. ಕೆಲಸದ ಮಾತು ಸುರು ಆತು, ಆಮ್ಯಾಲೆ ಮನಿ ಮಾತು.

ಎಲ್ಲಾ ಸಿಹಿ ಅಂತಲ್ಲ. 2007ರಿಂದ ಸರ್ಕಾರವೇ ಯಾವ ಊರಾಗ ಯಾವ ಬೆಳೆ ಅಂತ ಠರಾಯಿಸಿತು. ಗೋವಿನಜೋಳ ಅಂದರ ಎಲ್ಲರೂ ಗೋವಿನಜೋಳ. ಬೀಜ, ಗೊಬ್ಬರ ಕೊಟ್ಟರು, ಪೀಕು ಹೆಚ್ಚಿತು. ಆದರ ತಲತಲಾಂತರದಿಂದ ಒಂದೇ ಹೊಲದಾಗ ಬಾಳಿ, ಕಾಳು, ಗೆಣಸು ಕೂಡಿ ಹಾಕುತ್ತಿದ್ದ ಸಣ್ಣ ರೈತನಿಗೆ ಒಂದು ಕೆಟ್ಟರ ಇನ್ನೊಂದು ಕಾಯುತ್ತಿತ್ತು. ಅದು ಹೋತು. ಹೇಳಿದ ಬೆಳೆ ಹಾಕದವನ ಬೆಳೆ ಕಿತ್ತು ಹಾಕಿದ್ದೂ ಉಂಟು. ಅಕ್ಕಡಿ ಸಾಲು ಬಿತ್ತುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹಾಡು ಮಾಡಿದ್ದು, ಹಾಡಿಗೆ ಆದದ್ದು

ನಾನು ಹೊಲ ಮಾಡುವವ, ಅದರ ಕೂಡ ಭಜನಿ, ಗೀಗಿ ಪದ ಹಾಡುವವ. ಹಿಂಗಾಗಿ ಈ ಭಾಗ ನನಗ ಎಲ್ಲಾದಕ್ಕಿಂತ ಹತ್ತಿರದ್ದು.

ಯುದ್ಧಕ್ಕ ಮೊದಲು ರುವಾಂಡದಾಗ ಸಿಮೋನ್ ಬಿಕಿಂಡಿ ಎಂಬ ಹಾಡುಗಾರ ಇದ್ದ. ಇರಿಂದಿರೊ ಎಂಬ ಕುಣಿತದ ಮೇಳದ ಮುಖಂಡ. ಜನಪದದ ಮಟ್ಟು ಚೆನ್ನಾಗಿ ಬಲ್ಲವ, ದೊಡ್ಡ ಕಂಠ. ಒಕ್ಕಲಿಗರ ವಂಶದವರು ಎಂದು ಹುಟುಗಳನ್ನ ಕರೆಯುವ ಅವನ ಒಂದು ಹಾಡು ದೇಶದ ತುಂಬ ಗೊತ್ತಿತ್ತು. ರಾಜರ ಕಾಲದಾಗ ನಿಮ್ಮ ಹಿರಿಯರು ಪಟ್ಟ ಕಷ್ಟ ಮರೀಬ್ಯಾಡ್ರಿ ಅನ್ನುವ ಧಾಟಿ ಅದರದು. 1993ರ ಜುಲೈದಾಗ ಸುರುವಾದ ಆರ್‌ಟಿಎಲ್‌ಎಂ ಎಂಬ ರೇಡಿಯೊ ಅವನ ಹಾಡು ಹಚ್ಚುತ್ತಿತ್ತು, ನಡುನಡುವೆ ಯಾರನ್ನ ಕೊಲ್ಲಬೇಕು ಅಂತ ಹೆಸರು ಓದುತ್ತಿತ್ತು. ಕಿವಿಗೆ ರೇಡಿಯೊ, ಕೈಯಾಗ ಕೊಯ್ತಾ ಹಿಡಿದು ಹುಡುಗರು ರಸ್ತೆಗೆ ನಿಂತಿದ್ದರು.

ಅರುಷಾ ನ್ಯಾಯಾಲಯ 2008ರ ಡಿಸೆಂಬರ್‌ದಾಗ ಬಿಕಿಂಡಿಗೆ 15 ವರ್ಷ ಶಿಕ್ಷೆ ಕೊಟ್ಟಿತು. ಆದರ ಹಾಡಿಗಲ್ಲ. 1994ರ ಜೂನ್ ಕಡೆಗೆ ಗಾಡಿ ಮ್ಯಾಲೆ ಭೋಂಗಾ ಕಟ್ಟಿಕೊಂಡು, ಟುಟ್ಸಿಗಳನ್ನ ಮುಗಿಸಿರಿ ಅಂತ ರಸ್ತೆಯಾಗ ಕೂಗುತ್ತ ಹೋದದ್ದಕ್ಕ. ಹಾಡಿನ ಬಗ್ಗೆ ನ್ಯಾಯಾಧೀಶರು ಬಹಳ ವಿಚಾರ ಮಾಡಿ, ಆ ಹಾಡು ಕೊಲೆಗೆ ಅಂತಲೇ ಕಟ್ಟಿದ್ದು ಎಂದು ಹೇಳಲಿಕ್ಕೆ ಪುರಾವೆ ಸಾಲದು ಅಂದರು. ಕಾಯ್ದೆಯ ತೂಕಕ್ಕ ಅದು ಸರಿ. ಹಾಡುವವರ ತೂಕ ಬ್ಯಾರೆ. ಮಂದಿಯ ನೋವನ್ನ ಮಟ್ಟಿಗೆ ಹಚ್ಚಿ ಹಾಡಿದಾಗ ಕೂತವರ ರಕ್ತ ಬಿಸಿ ಆಗತದ. ಆ ಬಿಸಿ ರಕ್ತ ಯಾರ ಮನಿ ಕಡೆ ಹೊರಳತದ ಅನ್ನುವುದಕ್ಕ ಮೇಳದ ಮುಂದಾಳು ಜವಾಬ್ದಾರ. ಅವನ ಹಾಡಿನಾಗ ಹೇಳಿದ ಹಿರಿಯರ ಕಷ್ಟ ಸುಳ್ಳಲ್ಲ. ಖರೇ ನೋವನ್ನೇ ಕೊಲೆಗೆ ಹಚ್ಚಿದರು, ಅದೇ ಹೆದರಿಕೆಯ ಮಾತು.

ಕಟ್ಟುವ ಕೆಲಸಕ್ಕೂ ಹಾಡು, ರೇಡಿಯೊ ಬೇಕಾದವು. 2004ರಾಗ ಮುಸೆಕೆವೆಯಾ ಎಂಬ ರೇಡಿಯೊ ನಾಟಕ ಸುರು ಆತು. ಹೊಸ ಬೆಳಗು ಅಂತ ಅರ್ಥ. ಎರಡು ಗುಡ್ಡ, ಎರಡು ಊರು, ನಡುವೆ ಫಲವತ್ತಾದ ಒಂದು ಕಣಿವೆ, ಅದರ ಸಲುವಾಗಿ ಜಗಳ, ಜಗಳದ ನಡುವೆ ಎರಡೂ ಊರಿನ ಹುಡುಗ ಹುಡುಗಿಯ ಪ್ರೀತಿ. ಹುಟು, ಟುಟ್ಸಿ ಶಬ್ದ ಎಲ್ಲಿಯೂ ಬರುವುದಿಲ್ಲ. ಎಲ್ಲರಿಗೂ ತಿಳೀತದ. ವರ್ಷಾನುಗಟ್ಟಲೆ ಅದು ನಡೀತು, ವಾರಕ್ಕೊಮ್ಮೆ ಮಂದಿ ರೇಡಿಯೊ ಸುತ್ತ ಕೂಡುತ್ತಿದ್ದರು.

ಅದೇ 2004ರಾಗ ಒಡಿಲ್ ಗಕಿರೆ ಕಟೆಸೆ ಎಂಬ ನಾಟಕದ ಹೆಣ್ಣುಮಗಳು ಬುಟಾರೆ ಪಟ್ಟಣದಾಗ ಹೆಂಗಸರ ನಗಾರಿ ಮೇಳ ಕಟ್ಟಿದರು. ಇಂಗೊಮ ನ್ಶ್ಯಾ, ಅಂದರ ಹೊಸ ನಗಾರಿ. ಆ ನಾಡಿನಾಗ ಹೆಂಗಸರು ನಗಾರಿ ಮುಟ್ಟಬಾರದು ಎಂಬ ಕಟ್ಟು ಇತ್ತು, ಅದು ರಾಜರ ವಾದ್ಯ. ಈ ಮೇಳದಾಗ ಮನಿಮಂದಿ ಸತ್ತು ಒಬ್ಬಾಕಿಯೇ ಉಳಿದವಳೂ ಇದ್ದಳು, ಮನಿಯವರು ಕೊಲೆ ಮಾಡಿ ಜೇಲಿಗೆ ಹೋದವಳೂ ಇದ್ದಳು. ಜೋಡಿಲೆ ಬಡಿಯುವಾಗ ಬಾಜೂ ನಿಂತಾಕಿಯ ಕೈ ನೋಡಬೇಕಾಗತದ, ಇಲ್ಲಂದರ ತಾಳ ತಪ್ಪತದ. ಮೇಳ ಕಟ್ಟಿದವರಿಗೆಲ್ಲಾ ಇದು ಗೊತ್ತಿದ್ದದ್ದೇ. ಮನಸ್ಸು ಕೂಡುವುದು ಆಮ್ಯಾಲಿನ ಮಾತು, ಮೊದಲು ತಾಳ ಕೂಡಬೇಕು.

ಈಗ ಇನ್ನೊಬ್ಬ ಹಾಡುಗಾರನ ಮಾತು. ಕಿಜಿಟೊ ಮಿಹಿಗೊ. ಹುಟ್ಟಿದ್ದು 1981ರಾಗ, ಟುಟ್ಸಿ. ನರಮೇಧದಾಗ ಅವನ ತಂದೆಯನ್ನ ಕೊಂದರು. ಚರ್ಚಿನ ಹಾಡು ಕಲಿತು ಬೆಳೆದ ಅವನು ಕ್ಷಮೆಯ ಹಾಡು ಹಾಡಿದ. ಪ್ರತಿ ಏಪ್ರಿಲ್‌ದಾಗ ನಡೆಯುವ ದೇಶದ ಶೋಕ ಸಭೆಯಾಗ ಅವನದೇ ಹಾಡು. ಜೇಲಿಗೆ ಹೋಗಿ ಕೈದಿಗಳ ಮುಂದೆ ಹಾಡುತ್ತಿದ್ದ. 2014ರಾಗ ಸಾವಿನ ಅರ್ಥ ಎಂಬ ಒಂದು ಹಾಡು ಕಟ್ಟಿದ. ನರಮೇಧದಾಗ ಸತ್ತವರ ಕೂಡ, ನರಮೇಧ ಅಂತ ಹೆಸರಿಲ್ಲದ ಹಿಂಸೆಯಾಗ ಸತ್ತವರಿಗೂ ಅವನು ಆ ಹಾಡಿನಾಗ ಪ್ರಾರ್ಥನಿ ಸಲ್ಲಿಸಿದ. ಸೇಡಿಗೆ ಸತ್ತ ಹುಟುಗಳ ಮಾತು ಅದು ಎಂದು ಎಲ್ಲರಿಗೂ ತಿಳೀತು. ಹಾಡು ರೇಡಿಯೊದಿಂದ ಮಾಯ ಆತು. ಅದೇ ಏಪ್ರಿಲ್‌ದಾಗ ಅವನನ್ನ ಹಿಡಿದರು. ಸರ್ಕಾರದ ವಿರುದ್ಧ ಸಂಚು ಮಾಡಿದ ಎಂದು 2015ರಾಗ ಹತ್ತು ವರ್ಷ ಶಿಕ್ಷೆ. 2018ರ ಸೆಪ್ಟೆಂಬರ್‌ದಾಗ ಅಧ್ಯಕ್ಷನ ಕ್ಷಮೆಯಿಂದ ಬಿಡುಗಡೆ. 2020ರ ಫೆಬ್ರವರಿಯಾಗ ಬುರುಂಡಿ ಗಡಿ ಹತ್ತಿರ ಮತ್ತ ಹಿಡಿದರು. ಫೆಬ್ರವರಿ 17ಕ್ಕೆ ಕಿಗಾಲಿಯ ಪೋಲೀಸ್ ಠಾಣೆಯಾಗ ಹೆಣ ಆಗಿದ್ದ. ತಾನೇ ಉರಲು ಹಾಕಿಕೊಂಡ ಎಂದು ಪೋಲೀಸರು ಅಂದರು. ಸ್ವತಂತ್ರ ತಪಾಸಣಿ ಆಗಲಿ ಎಂದು ಮಾನವ ಹಕ್ಕಿನ ಸಂಘಗಳು ಕೇಳಿದವು. ಅವನಿಗೆ ಆಗ 38 ವರ್ಷ.

ಲೆಕ್ಕ ನೋಡಿದರ

ಕಟ್ಟಿದ್ದನ್ನ ಕಟ್ಟಿಲ್ಲ ಅನ್ನಬಾರದು. 2000ರ ಹೊತ್ತಿಗೆ ನೂರಕ್ಕ 59 ಮಂದಿ ಬಡತನದಾಗ ಇದ್ದರು, ಹತ್ತು ವರ್ಷದಾಗ ಅದು 45ಕ್ಕೆ ಇಳೀತು ಎಂದು ಸರ್ಕಾರದ ಗಣತಿ ಹೇಳತದ. ಕೂಸುಗಳ ಸಾವು ಬಹಳ ಕಡಿಮಿ ಆತು. ಊರವರು ಸ್ವಲ್ಪ ಸ್ವಲ್ಪ ರೊಕ್ಕ ಕಟ್ಟಿ ನಡೆಸುವ ಆರೋಗ್ಯ ವಿಮಾದಾಗ ಹೆಚ್ಚುಕಡಿಮಿ ಎಲ್ಲರೂ ಅದಾರ. ಕಿಗಾಲಿ ಆಫ್ರಿಕಾದ ಸ್ವಚ್ಛ ಪಟ್ಟಣ ಅಂತ ಹೆಸರು ಪಡೀತು.

ಇನ್ನೊಂದು ಪುಟವೂ ಅದ. ಪಾಲ್ ಕಗಾಮೆ 2000ದಿಂದ ಅಧ್ಯಕ್ಷ. 2015ರಾಗ ಸಂವಿಧಾನ ತಿದ್ದಿ 2034ರ ತನಕ ದಾರಿ ಮಾಡಿಕೊಂಡರು. 2024ರ ಚುನಾವಣಿಯಾಗ ನೂರಕ್ಕ 99 ಮತ ಅವರಿಗೇ ಬಿದ್ದವು. ಯಾವ ಊರಾಗಾದರೂ ನೂರಕ್ಕ 99 ಮಂದಿ ಒಂದೇ ಮಾತು ಆಡಿದರ, ಉಳಿದ ಮಾತು ಎಲ್ಲಿ ಅಡಗ್ಯಾವ ಅಂತ ಕೇಳಬೇಕಾಗತದ. ಕಾಂಗೊದ ಎಂ23 ಎಂಬ ಬಂಡುಕೋರರಿಗೆ ರುವಾಂಡ ಬೆಂಬಲ ಕೊಡತದ ಎಂದು ವಿಶ್ವಸಂಸ್ಥೆಯ ತಜ್ಞರು ಬರೆದಾರ. 2025ರ ಜನವರಿಯಾಗ ಆ ಬಂಡುಕೋರರು ಗೋಮಾ ಪಟ್ಟಣ ಹಿಡಿದರು. ತನ್ನ ಅಂಗಳದ ಬೆಂಕಿ ಆರಿಸಿದ ದೇಶದ ಕಿಡಿ ನೆರೆಮನಿ ಬಣವಿಗೆ ಬಿದ್ದದ.

ನನಗ ತಿಳಿದದ್ದು ಇಷ್ಟು. ಹುಲ್ಲಿನ ಮ್ಯಾಲಿನ ಪಂಚಾಯಿತಿ, ಹೆಂಡತಿ ಹೆಸರಿನ ಉತಾರಿ, ನೆರೆಯವನಿಗೆ ಕೊಟ್ಟ ಕರು, ಕೂಡಿ ತೊಳೆದ ಕಾಫಿ, ಇವು ಆ ನಾಡನ್ನ ಎತ್ತಿ ನಿಲ್ಲಿಸಿದವು. ದೊಡ್ಡ ಭಾಷಣದಿಂದ ಆಗಿಲ್ಲ, ಎರಡು ಮನಿ ನಡುವಿನ ಕೊಡು ಕೊಳ್ಳಿಂದ ಆಗ್ಯದ. ಹೊಟ್ಟಿಯ ಕೆಲಸ, ಹೊಲದ ಕೆಲಸ ಅವರು ಮಾಡಿ ತೋರಿಸ್ಯಾರ. ಅಳುವಿನ ಕೆಲಸ ಉಳಿದದ. ಒಂದು ಪಂಗಡದ ಹೆಣದ ಮುಂದೆ ದೇಶವೆಲ್ಲಾ ಅಳತದ, ಇನ್ನೊಂದು ಪಂಗಡದ ತಾಯಿ ಒಳಕೋಣಿಯಾಗ ಬಾಯಿಗೆ ಸೆರಗು ಇಟ್ಟುಕೊಂಡು ಅಳತಾಳ. ನರಮೇಧ ಎಂಬುದು ಎಲ್ಲಾದಕ್ಕಿಂತ ದೊಡ್ಡ ಪಾಪ, ಅದನ್ನ ಸೇಡಿನ ಕೊಲೆ ಕೂಡ ಒಂದೇ ತಕ್ಕಡಿಗೆ ಹಾಕಬಾರದು, ಇದು ಖರೆ. ಆದರ ಸತ್ತ ಮಗ ಎಲ್ಲಾ ತಾಯಿಗೂ ಮಗನೇ. ನಮ್ಮ ಹಳ್ಳಿಗಳಾಗ ಯಾರ ಮನಿಯಾಗ ಸಾವಾದರೂ, ಮಾತು ಬಿಟ್ಟವರ ಮನಿಯಾದರೂ, ಭಜನಿ ಮೇಳದವರು ತಾಳ ತಗೊಂಡು ಹೋಗಿ ರಾತ್ರಿ ಬೆಳತನಕ ಕೂಡ್ರತೇವಿ. ಯಾರು ಸತ್ತರು ಅಂತ ಕೇಳತೇವಿ, ಯಾವ ಪಂಗಡ ಅಂತ ಕೇಳುವುದಿಲ್ಲ. ರುವಾಂಡದಾಗ ಅಂಥ ಮೇಳ ಕಟ್ಟಲಿಕ್ಕೆ ಹೊರಟವ ಕಿಜಿಟೊ. ಅವನ ಆ ಹಾಡು ದೇಶದ ಶೋಕ ಸಭೆಯಾಗ ಮತ್ತ ಹಾಡುವ ದಿವಸ ಬಂದರ, ಆ ನಾಡು ಪೂರ್ತಿ ಕಟ್ಟಿತು ಅಂತ ತಿಳೀಬೇಕು.